ಮೂಗಿನ ಎತ್ತರದ ಗಾಳಿ

ಮಳೆ ಬರಬಹುದಿತ್ತು. ದಸರೆ ಹೊತ್ತಿನ ಬೆಂಗಳೂರು ಮಳೆಗೆ ಹೇಳುವವರಿಲ್ಲ, ಕೇಳುವವರಿಲ್ಲ. ಗಾಜಿನ ಪಟ್ಟಿಗೆ ಸವರಿದ ವ್ಯಾಸಲೀನ್ ಬಿಸಿಲಿಗೆ ಕರಗಿ ಹರಿಯಬಹುದಿತ್ತು. ಪರಾಗ ಹಿಡಿಯಲು ಕಿಟಕಿಯಲ್ಲಿಡುವ ನನ್ನ ಉಪಕರಣವನ್ನು ಗುಜರಿಯವನು ಹೊತ್ತೊಯ್ಯಬಹುದಿತ್ತು. ಪೀಣ್ಯದಲ್ಲಿ ವಾರಸುದಾರರಿಲ್ಲದ ಸ್ಟೀಲು ಸಂಜೆಯವರೆಗೆ ಉಳಿದದ್ದನ್ನು ನಾನಂತೂ ಕಂಡಿಲ್ಲ. ಕಾಗೆ ಅದರ ಮೇಲೆ ಕೂತು ತನ್ನ ಕಾಣಿಕೆ ಸಲ್ಲಿಸಬಹುದಿತ್ತು. ವಾಚ್‌ಮನ್ ಬಾಂಬ್ ಅಂದುಕೊಂಡು ಪೊಲೀಸರನ್ನು ಕರೆಯಬಹುದಿತ್ತು. ಕಾರ್ಖಾನೆಯ ಮ್ಯಾನೇಜರ್ ಕೊನೆ ಗಳಿಗೆಯಲ್ಲಿ ಆಗಲ್ಲ ಅನ್ನಬಹುದಿತ್ತು. ಆಯುಧಪೂಜೆಯ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಇವಿಷ್ಟನ್ನೂ ಹೆಂಡತಿಯ ಮುಂದೆ ಹರಡಿದೆ. “ಭೂಕಂಪ ಒಂದು ಬಿಟ್ಬಿಟ್ರಲ್ರೀ” ಎಂದು ಅವಳು ಸಾರು ಬಡಿಸಿದಳು. ಆಮೇಲೆ ಅದೂ ತಲೆಯೊಳಗೆ ಸೇರಿಕೊಂಡಿತು.

ತುಮಕೂರು ರಸ್ತೆಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರದ ಮೇಷ್ಟ್ರು. ನಮ್ಮ ತಾರಸಿಯ ಮೇಲೆ ಗಾಳಿಯ ಪರಾಗ ಹಿಡಿಯುವ ಯಂತ್ರವಿತ್ತು. ಅದಕ್ಕೆ ಅಂಟಿದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಗೇಟಿನ ಹತ್ತಿರದ ಬೋರ್ಡಿನಲ್ಲಿ ‘ಕಡಿಮೆ’, ‘ಮಧ್ಯಮ’, ‘ಹೆಚ್ಚು’ ಎಂದು ಬರೆಯುವುದು ನನ್ನ ಕೆಲಸ. ಪಾರ್ಥೇನಿಯಂ, ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವು ಎಲ್ಲ ಒಂದೇ ಕುಟುಂಬದವು. ಮಸೂರದ ಕೆಳಗೆ ಎಲ್ಲವೂ ಮುಳ್ಳುಮುಳ್ಳಿನ ಉಂಡೆಗಳೇ. ಗಾತ್ರ ನೋಡಿ ಬೇರೆ ಮಾಡುವಷ್ಟರಲ್ಲಿ ಕಣ್ಣು ಸೋತುಹೋಗುತ್ತದೆ. ಆ ಭಯಕ್ಕೆ ತಾರಸಿಯಲ್ಲಿ ಒಂದು ಹೂಕುಂಡ ಇಡಲೂ ನಾನು ಬಿಟ್ಟಿರಲಿಲ್ಲ.

ಯಂತ್ರ ಎತ್ತರದಲ್ಲಿರಬೇಕು, ಅಲ್ಲಿ ಇಡೀ ಪ್ರದೇಶದ ಗಾಳಿ ಬೆರೆತು ಸಿಗುತ್ತದೆ ಎನ್ನುವುದು ನಿಯಮ. ತಪ್ಪೇನಿಲ್ಲ. ಆದರೆ ನಮ್ಮ ಐದನೇ ಮಹಡಿಯ ಮೇಲೆ ಉಸಿರಾಡುವವರೆಂದರೆ ಕಾಗೆಗಳು, ಅಪರೂಪಕ್ಕೆ ಟ್ಯಾಂಕು ತೊಳೆಯುವವನು. ಅಷ್ಟು ವರ್ಷ ನಾನು ಅವರ ಆರೋಗ್ಯವನ್ನು ಶ್ರದ್ಧೆಯಿಂದ ಕಾಯುತ್ತಿದ್ದೆ.

ದಾಸರಹಳ್ಳಿಯಲ್ಲಿ ನಮ್ಮ ಮನೆಯ ಕೆಳಗಿನ ರೂಮಿಗೆ ರಾಯಚೂರು ಕಡೆಯ ಹೆಂಗಸೊಬ್ಬಳು ಗಂಡನೊಂದಿಗೆ ಬಾಡಿಗೆಗೆ ಬಂದಿದ್ದಳು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಿಟಕಿ ಪಕ್ಕ ಕೂತು, ಲೇತಿನಿಂದ ಬಂದ ಬಿಡಿಭಾಗಗಳನ್ನು ಪರೀಕ್ಷಿಸಿ ಡಬ್ಬಕ್ಕೆ ಹಾಕುವ ಕೆಲಸ. ಕಿಟಕಿಯಾಚೆ ಖಾಲಿ ಸೈಟು, ಸೈಟಿನ ತುಂಬ ಎದೆಯೆತ್ತರದ ಪಾರ್ಥೇನಿಯಂ. ಮಳೆ ನಿಂತು ಅದು ಬೆಳ್ಳಗೆ ಹೂಬಿಟ್ಟರೆ ಇವಳ ಉಬ್ಬಸ ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ಒಳಗಿನ ಟೇಬಲ್ಲಿಗೆ ಹಾಕಿ ಎಂದು ಮ್ಯಾನೇಜರನ್ನು ಬೇಡಿದ್ದಳು. ಆತ ದಿನಾ ನಮ್ಮ ಕಾಲೇಜಿನ ಗೇಟಿನ ಮುಂದೆಯೇ ಬೈಕಿನಲ್ಲಿ ಹೋಗುವವನು. ಕಾಲೇಜಿನವರೇ ‘ಕಡಿಮೆ’ ಅಂತ ಬರೆದಿದ್ದಾರೆ, ಇದು ನಿಮ್ಮೂರಿನಿಂದಲೇ ತಂದ ಕಾಯಿಲೆ, ಹಬ್ಬ ಆದಮೇಲೆ ಇನ್ನೊಂದು ರಜೆ ಹಾಕಿದರೆ ಬರುವುದೇ ಬೇಡ ಅಂದನಂತೆ.

ಇದನ್ನು ಅವಳು ನಲ್ಲಿಯ ಹತ್ತಿರ ಕೊಡ ತುಂಬುತ್ತಾ ಹೇಳಿದಳು. ಕೊನೆಗೆ, ತಕರಾರಿನ ದನಿಯೂ ಇಲ್ಲದೆ, ಕೇಳಿದಳು: “ಆ ಬೋರ್ಡ್ ನೀವ ಬರೀತೀರಂತಲ್ರೀ ಸರ?”

ನನಗೆ ಆತಂಕ ರೂಢಿ, ಸಿಟ್ಟು ರೂಢಿಯಿಲ್ಲ. ಅವತ್ತು ಬಂತು. ಸೈಟಿನ ಯಜಮಾನ ಮೆಟ್ರೋ ಬಂದಮೇಲೆ ರೇಟು ಏರಲಿ ಎಂದು ಕಾಯುತ್ತಾ ಎಲ್ಲೋ ಹಾಯಾಗಿದ್ದ. ವಾರ್ಡ್ ಆಫೀಸಿನಲ್ಲಿ ಕೇಳಿದರೆ ಖಾಸಗಿ ಜಾಗ, ನಮಗೆ ಬರಲ್ಲ ಅಂದರು. ಕಾಂಪೌಂಡಿನ ಆಚೆಯದ್ದು ನಮಗೆ ಸಂಬಂಧವಿಲ್ಲ ಎಂದು ಕಾರ್ಖಾನೆ. ಧೂಳಿಗೆ ಹೋಗಬೇಡಮ್ಮ ಎಂದು ಡಾಕ್ಟರು. ಹೋಗದೆ ಅವಳು ಉಣ್ಣುವುದೇನನ್ನು? ಗಿಡ ಯಾರದೂ ಅಲ್ಲ, ಗಾಳಿ ಯಾರದೂ ಅಲ್ಲ, ಉಬ್ಬಸವೊಂದು ಮಾತ್ರ ಖಾತ್ರಿಯಾಗಿ ಅವಳದು. ಎಲ್ಲರ ಕೈಗೂ ನೆಪವಾಗಿ ಸಿಕ್ಕಿದ್ದು ನನ್ನ ದುಂಡಗಿನ ಅಕ್ಷರದ ‘ಕಡಿಮೆ’.

ಗಾಳಿಯನ್ನು ಅವಳ ಮೂಗಿನ ಎತ್ತರದಲ್ಲೇ ಅಳೆಯುತ್ತೇನೆಂದು ಹೊರಟೆ. ಪರಿಚಯದ ಲೇತ್ ಅಂಗಡಿಯಲ್ಲಿ ಎರಡು ಸ್ಟೀಲಿನ ತಟ್ಟೆ ಮಾಡಿಸಿ, ನಡುವೆ ಮೂರು ಸರಳು ಕೊಡಿಸಿ, ಗಾಜಿನ ಪಟ್ಟಿ ಇಡಲು ಸಣ್ಣದೊಂದು ಪೀಠ ಕೂರಿಸಿದೆ. ಮೇಲಿನ ತಟ್ಟೆ ಮಳೆಗೆ ಕೊಡೆ. ನಡುವೆ ಹಾಯುವ ಗಾಳಿಯ ಪರಾಗ ಪಟ್ಟಿಯ ವ್ಯಾಸಲೀನಿಗೆ ಅಂಟಬೇಕು. “ಏನ್ ಸಾರ್ ಇದು, ಗುಬ್ಬಚ್ಚಿಗೆ ಬಸ್‌ಸ್ಟಾಪಾ?” ಅಂದ ಅಂಗಡಿಯವನು.

ಮ್ಯಾನೇಜರ್ ಬಗ್ಗಲಿಲ್ಲ. ಕೆಲಸದ ದಿನ ಇಟ್ಟರೆ ನಮ್ಮ ಗ್ರೈಂಡಿಂಗ್ ಧೂಳು ಕೂತು, ನೀವು ನಮ್ಮ ಮೇಲೇ ಬರೆಯುತ್ತೀರಿ ಅಂದ. ಕಡೆಗೆ ಆಯುಧಪೂಜೆಯ ಒಂದು ದಿನ ಕೊಟ್ಟ. ಅವತ್ತು ಮಿಷಿನ್ನುಗಳೆಲ್ಲ ಬಂದ್. “ಆ ಸೈಟಿನ್ ಗಿಡದ್ದೇ ಅಂತ ತೋರಿಸ್ಬೇಕು ಸಾರ್. ಬೇರೆ ಏನಾದ್ರೂ ಸೇರಿತ್ತೋ, ಈ ಮಾತು ಅಲ್ಲಿಗೇ ಮುಗೀತು. ಬರೀ ಅದೇ ಇದ್ರೆ ಆಯಮ್ಮನ್ನ ಒಳಗಡೆ ಟೇಬಲ್ಲಿಗೆ ಹಾಕ್ತೀನಿ.”

ಬೆಳಿಗ್ಗೆ ಬೇಗ ಹೋಗಿ, ಅವಳ ಸ್ಟೂಲಿನ ಮೇಲೆ ನಾನೇ ಕೂತು ಎತ್ತರ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಮನೆಯಲ್ಲಿ ಸ್ಕೂಟರಿಗೆ ಪೂಜೆ ನಡೆಯುತ್ತಿದ್ದರೆ ನನ್ನ ಕಣ್ಣು ಆಕಾಶದಲ್ಲಿ. ಮಳೆ ಬರಲಿಲ್ಲ. ವ್ಯಾಸಲೀನ್ ಕರಗುವಂಥ ಬಿಸಿಲೂ ಇಲ್ಲ. ಗುಜರಿಯವನು, ಕಾಗೆ, ಪೊಲೀಸರು ಯಾರೂ ಅತ್ತ ಸುಳಿಯಲಿಲ್ಲ. ಸೈಟಿನ ಕಡೆಯಿಂದ ದಿನವಿಡೀ ಒಳ್ಳೆ ಗಾಳಿ. ಬದುಕಿನಲ್ಲಿ ಮೊದಲ ಸಲ ಎಲ್ಲವೂ ನೆಟ್ಟಗೆ ನಡೆಯುತ್ತಿದೆ ಅನ್ನಿಸಿ ಅದಕ್ಕೂ ಸ್ವಲ್ಪ ಹೆದರಿದೆ.

ಸಂಜೆ ಮ್ಯಾನೇಜರ್ ಜೊತೆಗೇ ಒಳಗೆ ಹೋದೆ. ಬಾಗಿಲಲ್ಲಿ ಒಡೆದ ಬೂದುಗುಂಬಳ, ಲೇತುಗಳಿಗೆಲ್ಲ ವಿಭೂತಿ ಪಟ್ಟೆ, ಬಾಳೆಕಂದು. ಕಿಟಕಿಯ ಹತ್ತಿರ ಅವಳು ಹೊಸ ಸೀರೆಯಲ್ಲಿ, ಉಬ್ಬಸದ ನಡುವೆಯೂ ನಗುತ್ತಾ ನಿಂತಿದ್ದಳು. ನನ್ನ ಉಪಕರಣದ ಮೇಲಿನ ತಟ್ಟೆಗೆ ಕುಂಕುಮದ ಬೊಟ್ಟು. ಮೂರೂ ಸರಳುಗಳ ಸುತ್ತ ಬಿಗಿಯಾಗಿ ಸುತ್ತಿದ ಚೆಂಡುಹೂವಿನ ಮಾಲೆ. ಕೆಳಗಿನ ಗಾಜಿನ ಪಟ್ಟಿಯ ಮೇಲೆ ಮಾಲೆಯಿಂದ ಉದುರಿದ ಹಳದಿ ಪುಡಿ.

ಮ್ಯಾನೇಜರ್ ಬಗ್ಗಿ ಆ ಪುಡಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಎಲ್ಲಾ ಮಿಷಿನ್ನಿಗೂ ಮಾಲಿ ಹಾಕಿದ್ರು ಸರ,” ಅಂದಳು ಅವಳು. “ನನ್ನ ಸಲುವಾಗಿ ಬಂದಿದ್ದು ಇದೊಂದ. ಬರಿ ಕೊರಳಾಗ ಬಿಡಾಕ ಮನಸು ಬರಲಿಲ್ರೀ.”