ಬೆಳ್ಳಿ ಕರಡಿಗೆ ಮತ್ತು ದೋಣಿಯ ಎರಡನೆಯ ಬ್ಯಾಟರಿ

ನನ್ನ ಕೊರಳ ಕೆಳಗೆ ಹುಣಸೆ ಬೀಜದಷ್ಟು ಒಂದು ಸುಟ್ಟ ಕಲೆ ಇದೆ. ನೋಡಿದವರೆಲ್ಲ ಬೀಡಿ ಸುಟ್ಟಿತೇ ಎಂದು ಕೇಳುತ್ತಾರೆ. ಬೀಡಿಯಲ್ಲ ಸ್ವಾಮಿ, ಬೆಳ್ಳಿ! ನಮ್ಮಪ್ಪನ ಹಟ ಎಂದರೂ ನಡೆಯುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪನದು ಬೆಲ್ಲದ ಸಗಟು ಅಂಗಡಿ. ಅಲ್ಲಿ ಗಾದಿಯ ಮೇಲೆ ಕೂಡುವುದನ್ನು ಬಿಟ್ಟು, ಹಿಂದಿನ ಬೀದಿಯ ಬ್ಯಾಟರಿ ರಿಪೇರಿ ಅಂಗಡಿಗೆ ನಾನು ಸೇರಿದ್ದೆ. ಇಪ್ಪತ್ತಮೂರು ವರ್ಷದ ಕತ್ತೆ, ಯಾರ ಮಾತೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂಗಡಿ ಒಬ್ಬ ಸಾಬರದು. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಒಂದು ದಿನ ಲಾರಿ ಬ್ಯಾಟರಿಯ ಮೇಲೆ ಬಗ್ಗಿದಾಗ ಕೊರಳಲ್ಲಿದ್ದ, ಇಷ್ಟಲಿಂಗವನ್ನು ಒಳಗಿಟ್ಟ ಬೆಳ್ಳಿ ಕರಡಿಗೆ ಅಂಗಿಯಿಂದ ಹೊರಗೆ ಜೋತುಬಿತ್ತು. ಅದರ ಬೆಳ್ಳಿ ಸರ ಬ್ಯಾಟರಿಯ ಎರಡೂ ತುದಿಗಳಿಗೆ ಒಟ್ಟಿಗೆ ತಗುಲಿತು. ಕಣ್ಣು ಮಿಟುಕಿಸುವುದರೊಳಗೆ ಸರ ಕೆಂಪಗೆ ಕಾದು ಚರ್ಮಕ್ಕೆ ಅಂಟಿತು. ಉಸ್ತಾದ್ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದು, ಗಾಯಕ್ಕೆ ನೀರು ಸುರಿದು, ಆಮೇಲೆ ಬೈದರು.

“ನಾಳಿಂದ ಇದನ್ನ ತೆಗೆದಿಟ್ಟು ಬಾ. ಇಲ್ಲಾಂದ್ರೆ ನನ್ನ ಬ್ಯಾಟರಿ ಮುಟ್ಟಬ್ಯಾಡ.”

“ಜೀವ ಇರೋತನಕ ಲಿಂಗ ಮೈಮ್ಯಾಲಿಂದ ತೆಗಿಯಂಗಿಲ್ಲ, ಉಸ್ತಾದ್.”

“ಅರೆ, ಲಿಂಗ ತೆಗಿ ಅಂದ್ನೇನೋ ನಾನು? ಬೆಳ್ಳಿ ತೆಗಿ ಅಂದೆ!”

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವತ್ತು ಸಂಜೆಯೇ ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ, ನೂಲಿನ ದಾರದಿಂದ ಬನಿಯನ್ನಿನ ಒಳಗೆ ಬಿಗಿಯಾಗಿ ಕಟ್ಟಿಕೊಂಡೆ. ಬರಿದಾದ ಕರಡಿಗೆಯನ್ನು ಸರದ ಸಮೇತ ಅಪ್ಪನ ಮುಂದಿಟ್ಟೆ.

“ನಿಮ್ಮಜ್ಜ ಹಾಕ್ಕೊಂಡಿದ್ದ ಕರಡಿಗಿ ಇದು. ಯಾರೋ ಸಾಬ ಹೇಳಿದ ಅಂತ ಬಿಚ್ಚಿದಿಯೇನು?”

“ಬೆಂಕಿ ಹೇಳ್ತು, ಬಿಚ್ಚಿದೆ.”

ಅಪ್ಪನ ಮೀಸೆ ನಡುಗಿತು. “ನಾಳೆ ಹರಿಹರಕ್ಕೆ ಕೆಲಸಕ್ಕೆ ಹೋಗ್ತಿಯಲ್ಲ, ಹೋಗು. ಬರೋವಾಗ ಬೆಳ್ಳಿ ಹಾಕ್ಕೊಂಡು ಬಾ. ಇಲ್ಲಾಂದ್ರೆ ಈ ಹೊಸ್ತಿಲು ತುಳೀಬ್ಯಾಡ.”

ಅವ್ವ ಅಳುತ್ತಲೇ ಕರಡಿಗೆಯನ್ನು ನನ್ನ ಚೀಲಕ್ಕೆ ತುರುಕಿದಳು. ನನಗೆ ಮೈಯೆಲ್ಲ ಉರಿಯಿತು. ದೇವರು ನನ್ನ ಎದೆಗೇ ಅಂಟಿಕೊಂಡಿದ್ದ. ಹೋದದ್ದು ಊರಿಗೆ ತೋರಿಸುವ ಹೊಳಪು ಮಾತ್ರ. ಅದಕ್ಕೋಸ್ಕರ ಮಗನನ್ನೇ ಹೊರಗೆ ಹಾಕುತ್ತೇನೆ ಎನ್ನುವವರ ಮನೆಗೆ ನಾನು ತಲೆ ತಗ್ಗಿಸಿ ಹೋಗುವುದೇ? ಸಾಧ್ಯವೇ ಇಲ್ಲ ಎಂದುಕೊಂಡೆ. ಆದರೆ ಅವ್ವನನ್ನು ಬಿಟ್ಟಿರಲು ಆಗುತ್ತಿರಲಿಲ್ಲ, ಅದೂ ನಿಜ.

ಹರಿಹರದ ಹೊಳೆಗೆ ಸೇತುವೆ ಇತ್ತು, ಆದರೆ ಮೇಲ್ಗಡೆಯ ಹಳ್ಳಿಗಳ ಜನಕ್ಕೆ ಅದು ದೂರ. ಅವರನ್ನು ದಾಟಿಸಲು ಒಬ್ಬ ಕಂಟ್ರಾಕ್ಟರು ಸಣ್ಣ ಮೋಟಾರು ದೋಣಿ ತಂದಿದ್ದರು. ಇದ್ದ ಒಂದೇ ಬ್ಯಾಟರಿಯನ್ನು ದೀಪವೂ ಹಾರ್ನೂ ತಿಂದುಹಾಕಿದ್ದರಿಂದ, ಹಿಂದಿನ ವಾರ ನಡುಹೊಳೆಯಲ್ಲಿ ನಿಂತ ಎಂಜಿನ್ನು ಮತ್ತೆ ಶುರುವಾಗಿರಲಿಲ್ಲ. ಜನ ತುಂಬಿದ್ದ ದೋಣಿ ತೇಲಿಹೋಗಿ, ಪುಣ್ಯಕ್ಕೆ ಒಂದು ಬಂಡೆಗೆ ತಾಗಿ ನಿಂತಿತ್ತು. ಈಗ ಎಂಜಿನ್ನು ಶುರುಮಾಡಲೆಂದೇ ಇನ್ನೊಂದು ಬ್ಯಾಟರಿ ಬೇಕಿತ್ತು. ಉಸ್ತಾದರಿಗೆ ಮಂಡಿನೋವು, ನನ್ನೊಬ್ಬನನ್ನೇ ಕಳಿಸಿದ್ದರು.

ಕಂಟ್ರಾಕ್ಟರು ಅಪ್ಪನ ಹಳೆಯ ಸ್ನೇಹಿತರು. ದೋಣಿಯ ಮೊದಲ ಸುತ್ತಿಗೆ ಬರ್ರಿ ಎಂದು ಅಪ್ಪನನ್ನೂ ಕರೆದಿದ್ದರಂತೆ. ನಾನು ಸಾಮಾನು ಇಳಿಸುವಷ್ಟರಲ್ಲಿ ಅಪ್ಪ ಮುಂದಿನ ಬಸ್ಸಿಗೆ ಬಂದು, ನನ್ನನ್ನು ನೋಡದವರ ಹಾಗೆ ದೋಣಿಯ ಹಲಗೆಯ ಮೇಲೆ ಕೂತರು.

“ಹಿಂದಗಡೆ ಪೆಟ್ರೋಲ್ ಟ್ಯಾಂಕ್ ಪಕ್ಕ ಇಡಪ್ಪ, ವೈರು ಉಳೀತೈತೆ” ಎಂದರು ಕಂಟ್ರಾಕ್ಟರು.

“ಕಿಡಿ ಹಾರಿದ್ರೆ ದೋಣಿನೂ ಉಳಿಯಲ್ಲ, ನೀವೂ ಉಳಿಯಲ್ರಿ.”

“ಹಂಗಾರೆ ಪೆಟ್ಟಿಗೆ ಮುಚ್ಚಳಕ್ಕೆ ಮೊಳೆ ಹೊಡಿ. ನೀರು ಹೋಗಬಾರದು.”

“ಬ್ಯಾಟರಿಗೂ ಉಸಿರು ಐತ್ರಿ. ಅದರ ಗ್ಯಾಸು ಒಳಗೇ ನಿಂತ್ರೆ ಪೆಟ್ಟಿಗೆ ಸಿಡೀತೈತೆ.”

ಅವರು ಅಪ್ಪನ ಮುಖ ನೋಡಿದರು. ಅಪ್ಪ ಹೊಳೆ ನೋಡಿದರು. ನಾನು ಯಾರ ಮುಖವನ್ನೂ ನೋಡದೆ, ತೂತು ಕೊರೆದ ಮುಚ್ಚಳದ ಮರದ ಪೆಟ್ಟಿಗೆಯನ್ನು ದೋಣಿಯ ನಡುವೆ ತಳದಲ್ಲಿಟ್ಟು, ಅಲುಗಾಡದ ಹಾಗೆ ಕ್ಯಾನ್ವಾಸ್ ಪಟ್ಟಿಯಿಂದ ಬಿಗಿದೆ. ಬ್ಯಾಟರಿಯ ಹತ್ತಿರವೇ ಫ್ಯೂಸು ಹಾಕಿದೆ. ನಟ್ಟು ಬಿಗಿಯುವ ಪಾನದ ಹಿಡಿಗೆ ಟೇಪು ಸುತ್ತಿಕೊಂಡು ಮೊದಲನೆಯ ವೈರು ಕಟ್ಟಿದೆ. ಇನ್ನೊಂದು ಕಟ್ಟಬೇಕು, ಬ್ಯಾಟರಿಯ ಎರಡು ತುದಿಗಳೂ ಮುಚ್ಚಿಲ್ಲದೆ ಮೇಲಕ್ಕೆ ನಿಂತಿವೆ, ಅಷ್ಟರಲ್ಲಿ ಅಪ್ಪನಿಗೆ ಮಗ ಏನು ಮಾಡುತ್ತಾನೋ ನೋಡಬೇಕೆನಿಸಿತು. ಎದ್ದು ಬಂದು ಪೆಟ್ಟಿಗೆಯ ಮೇಲೆ ಬಗ್ಗಿದರು. ಅವರ ಕರಡಿಗೆ ಅಂಗಿಯಿಂದ ಜಾರಿ, ಬೆಳ್ಳಿ ಸರದ ಸಮೇತ ಬ್ಯಾಟರಿಯ ಮೇಲೆ ತೂಗಾಡಿತು.

ಅಂಗೈ ಅಡ್ಡ ಇಟ್ಟು ಸರವನ್ನು ತಡೆದೆ.

“ಹಿಂದಕ್ಕೆ ಸರೀರಿ! ಬೆಳ್ಳಿ ತೆಗೀರಿ, ಇಲ್ಲಾಂದ್ರೆ ದೋಣಿ ಇಳೀರಿ!”

ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದರು. ಇಳೀರಿ ಎಂದು ನಮ್ಮಪ್ಪನಿಗೆ ಅವತ್ತಿನವರೆಗೆ ಯಾರೂ ಅಂದಿರಲಿಲ್ಲ. ಅವರು ನನ್ನನ್ನು ನೋಡಿದರು, ಬ್ಯಾಟರಿಯನ್ನು ನೋಡಿದರು, ನನ್ನ ಕೊರಳ ಕೆಳಗಿನ ಹಸಿ ಗಾಯವನ್ನೂ ನೋಡಿದರು. ಇಳಿದು ದಂಡೆಯ ಮೆಟ್ಟಿಲ ಮೇಲೆ ನಿಂತರು. ನಾನು ಕಡೆಯ ವೈರು ಕಟ್ಟಿ ಗುಂಡಿ ಒತ್ತಿದೆ. ಎಂಜಿನ್ನು ಮೊದಲನೆಯ ಸಲಕ್ಕೇ ಗುಡುಗಿತು. ನಾವು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅಪ್ಪ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು.

ಆದದ್ದಾಗಲಿ, ಬೆಳ್ಳಿಯನ್ನಂತೂ ಹಾಕಿಕೊಳ್ಳುವುದಿಲ್ಲ, ಮನೆಗೆ ಹೋಗದೆಯೂ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೆ. ನೂಕಿದರೆ ನೂಕಲಿ, ನಾನಾಗಿ ಮಾತ್ರ ಮನೆ ಬಿಟ್ಟು ಹೋಗುವವನಲ್ಲ. ಮುಸ್ಸಂಜೆ ಹಿತ್ತಲಲ್ಲಿ ಕೈಕಾಲು ತೊಳೆದು, ಅರಿವೆ ಕಟ್ಟಿದ ಎದೆಯಲ್ಲೇ ಹೊಸ್ತಿಲು ದಾಟಿದೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಅವರ ಲಿಂಗ, ಪಕ್ಕದಲ್ಲಿ ತೆರೆದ ಕರಡಿಗೆ. ತಲೆ ಎತ್ತಲಿಲ್ಲ.

“ದೋಣಿ ನಿಂದು. ಇಳೀರಿ ಅಂದಿ, ಇಳಿದೆ” ಎಂದರು. “ಮನೆ ನಂದು.”

ನಾನು ಮುಷ್ಟಿ ಬಿಗಿದು ನಿಂತೆ. ಹೋಗು ಎನ್ನಲಿ, ನೋಡೇಬಿಡೋಣ ಎಂದು ಉತ್ತರವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

ಅಪ್ಪ ಚಾಪೆಯ ಮೇಲೆ ಒಂದು ಗೇಣು ಆಚೆ ಸರಿದರು.

“ಕೂಡ್ರು.”