ತಿರುವಿನಲ್ಲಿ ಇಳಿಯುವ ಅತ್ತೆ

ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಕಾರಿಗೆ ಅಗಲವಾದ ಅಲಾಯ್ ಚಕ್ರ ಹಾಕಿಸಿದ್ದರು. ಅಂಗಡಿಯ ಮುಂದೆ ಖಾಲಿ ಕಾರನ್ನು ಒಂದು ಸುತ್ತು ಓಡಿಸಿ, ಟೈರಿಗೆ ಕಾಲಲ್ಲಿ ಒದ್ದು, "ಸರ್ಯಾಗದೆ ಬುಡು" ಎಂದಿದ್ದರು. ಆದರೆ ಆ ಕಾರು ಖಾಲಿ ಓಡಾಡಿದ್ದನ್ನು ನಾನಂತೂ ಕಂಡಿರಲಿಲ್ಲ.

ಮಳವಳ್ಳಿಯ ಬೀಗರೂಟಕ್ಕೆ ಮನೆಮಂದಿಯ ಜೊತೆ ನನ್ನನ್ನೂ ತುಂಬಿಕೊಂಡರು. ಮೊದಲ ತಿರುವಿನಲ್ಲೇ ಭಾರಕ್ಕೆ ಕಾರು ತಗ್ಗಿ, ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಎಂದಿತು. ಅವರು ಕಾರು ನಿಲ್ಲಿಸಿ, ಹಿಂದೆ ಕೂತಿದ್ದ ತಮ್ಮ ಅತ್ತೆಗೆ, "ಅತ್ತೆ, ವಸಿ ಇಳ್ಕಳಿ" ಎಂದರು. ಅತ್ತೆ ಗೊಣಗುತ್ತಾ ತಿರುವು ದಾಟುವವರೆಗೆ ನಡೆದು ಮತ್ತೆ ಹತ್ತಿದರು.

"ಚಕ್ರ ದೊಡ್ಡದಾಯ್ತೇನೋ?" ಎಂದೆ.

"ಚಕ್ರ ಸರ್ಯಾಗದೆ ಬುಡು. ರೋಡೇ ಸೊಟ್ಟ ಕಣಪ್ಪ."

ಸೊಟ್ಟಗಿರುವುದು ಚಕ್ರವೋ, ರೋಡೋ, ನನ್ನ ತಲೆಯೋ ತಿಳಿಯಲಿಲ್ಲ. ಬಾಡೂಟ ಮುಗಿಸಿ ಬರುವಾಗ ಅದೇ ತಿರುವಿನಲ್ಲಿ, ಯಾರೂ ಹೇಳದಿದ್ದರೂ, ಅತ್ತೆಗಿಂತ ಮೊದಲು ನಾನೇ ಇಳಿದು ನಡೆಯುತ್ತಿದ್ದೆ.