ಒಂಬತ್ತನೆಯ ಮೇಲ್ಮೈ

ಗಣಿತ ಪತ್ರಿಕೆಗೆ ನಾವಿಬ್ಬರು ಸೇರಿ ಕಳಿಸಿದ್ದ ಲೇಖನದ ಪಟ್ಟಿಯಲ್ಲಿದ್ದ ಒಂಬತ್ತನೆಯ ಮೇಲ್ಮೈ ಅಸ್ತಿತ್ವದಲ್ಲೇ ಇಲ್ಲ ಎಂದು ಪರಿಶೀಲಕರ ಪತ್ರ ಬಂದ ದಿನ, ನಾನು ಬೈಂದೂರಿನ ಗೆಳೆಯನನ್ನು ಕುಂದಾಪುರಕ್ಕೆ ಕರೆಸಿದೆ. ಇಬ್ಬರೂ ಕಾಲೇಜು ಮಾಸ್ತರರು; ಅವನು ಬೈಂದೂರಿನಲ್ಲಿ, ನಾನು ಬ್ರಹ್ಮಾವರದಲ್ಲಿ. ಆ ಲೇಖನದ ಬಲದ ಮೇಲೆ ನಾನು ವಿಶ್ವವಿದ್ಯಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದೆ.

ನಾವು ಹುಡುಕುತ್ತಿದ್ದದ್ದು ವಂಚಕ ಮೇಲ್ಮೈಗಳನ್ನು. ತೂತುಗಳನ್ನು ಎಣಿಸುವ ಹೋಮಾಲಜಿ ಲೆಕ್ಕ ಹಾಕಿದರೆ ಎಲ್ಲೂ ತೂತಿಲ್ಲ, ಸಮತಲದ ಹಾಗೆಯೇ ಉತ್ತರ ಬರುತ್ತದೆ. ಆದರೂ ಅವು ಸಮತಲವಲ್ಲ. ಅಂಥದ್ದರ ಅಂಚನ್ನು ಕೆಲವು ವಕ್ರರೇಖೆಗಳಿಂದ ಮುಚ್ಚಿ, ಒಂದೊಂದು ರೇಖೆಗೂ ಒಂದು ಚುಕ್ಕಿ ಇಟ್ಟು, ಕೂಡುವ ರೇಖೆಗಳ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ, ಪಕ್ಕದಲ್ಲಿ ಅಂಕಿ ಬರೆದರೆ ಮರದಂಥ ಚಿತ್ರವಾಗುತ್ತದೆ. ಮೈನಸ್ ಒಂದರ ಚುಕ್ಕಿ ಒರೆಸಿದರೆ ನೆರೆಯ ಅಂಕಿಗಳನ್ನು ಒಂದೊಂದು ಏರಿಸಬೇಕು. ಒಂದು ಕಡೆ ಏರಿಸಲು ಮರೆತಿದ್ದೆವು. ಎಂಟನೆಯದೇ ವೇಷ ಬದಲಿಸಿ ಒಂಬತ್ತಾಗಿತ್ತು. ಮರದ ಅಂಕಿಗಳನ್ನು ಚೌಕದಲ್ಲಿ ಜೋಡಿಸಿ ಡಿಟರ್ಮಿನೆಂಟ್ ಹಾಕಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು: ಉತ್ತರ ಒಂದು ಅಥವಾ ಮೈನಸ್ ಒಂದು ಬರಲೇಬೇಕು.

ಹೋಟೆಲಿನಲ್ಲಿ ಕೂತು ಅವನು ಬಿಲ್ಲಿನ ಚೀಟಿಯ ಹಿಂದೆ ಆ ಡಿಟರ್ಮಿನೆಂಟ್ ಲೆಕ್ಕ ಹಾಕಿದ. ಏಳು ಬಂತು.

"ಹ್ವಾಯ್, ಈ ಮರದ್ ಲೆಕ್ಕ ನೀನ್ ಹಾಕಿದ್ದಲ್ದಾ?" ಎಂದು ಕೇಳಿದ.

"ನೀನು ಹಾಕಿದೆ. ಬೀಜಾಡಿ ಕಡಲ ಬದಿಯಲ್ಲಿ ಕೂತು. ನನಗೆ ಚೆನ್ನಾಗಿ ನೆನಪಿದೆ."

"ನಿನ್ ನೆನಪಾ? ಕಳ್ದ್ ವಾರ ಕ್ಲಾಸಿಗೆ ಹೋಪುದೇ ಮರ್ತ್ ಮನೆಗ್ ಹೋದವ ನೀನ್! ಸರಿ ಇತ್ತ್ ಅಂದವ ನೀನೇ ಮಾರಾಯ."

ಟಿಪ್ಪಣಿ ಪುಸ್ತಕ ತೆರೆದೆವು. ಆ ಮರದ ಪಕ್ಕ ಪೆನ್ಸಿಲಿನ ಒಂದು ಸರಿ ಗುರುತು. ಪರೀಕ್ಷಿಸಿ ಆಯಿತು ಎಂದರ್ಥ. ಅಂಕಿಯಾದರೆ ಯಾರ ಕೈಯದು ಎನ್ನಬಹುದು. ಸರಿ ಗುರುತಿಗೆ ಕೈಬರಹ ಇರುವುದಿಲ್ಲ.

"ಕಾಣ್, ನಂದಲ್ಲ," ಎಂದ.

"ನನ್ನದೂ ಅಲ್ಲ."

"ಹಂಗಾರೆ ಮಾಣಿ ಹಾಕಿದ್ನಾ, ಚಾ ತಂದವ?"

ನನಗೆ ನಗು ಬರಲಿಲ್ಲ. ಅವನು ಲೋಟ ಕುಕ್ಕಿ ಎದ್ದು ಹೋದ.

ಬ್ರಹ್ಮಾವರಕ್ಕೆ ಮರಳುವ ಬಸ್ಸಿನಲ್ಲಿ ಬೀಜಾಡಿಯ ಸಂಜೆಯನ್ನು ಮತ್ತೆ ಮತ್ತೆ ಕೆದಕಿದೆ. ಅವನ ಬೆನ್ನು ಕಾಣುತ್ತಿತ್ತು. ಬರೆಯುವ ಕೈ ಕಾಣುತ್ತಿರಲಿಲ್ಲ. ಆದರೂ ಮನೆ ಮುಟ್ಟಿದವನೇ ಸಂಪಾದಕರಿಗೆ ಬರೆದೆ: ತಪ್ಪು ಸಹಲೇಖಕರದು.

ಅವನೂ ಅದೇ ದಿನ ತಪ್ಪನ್ನು ನನ್ನ ಮೇಲೆ ಹೊರಿಸಿ ಬರೆದಿದ್ದ. ಸಂಪಾದಕರು ನನ್ನ ಪತ್ರವನ್ನು ಅವನಿಗೆ, ಅವನದನ್ನು ನನಗೆ ಕಳಿಸಿ, ಲೇಖನ ತಿರಸ್ಕರಿಸಿದರು. ನಾನು ಕೆಲಸದ ಅರ್ಜಿ ಹಿಂತೆಗೆದುಕೊಂಡೆ. ಅವನ ಪತ್ರ ಎಷ್ಟು ಖಚಿತವಾಗಿತ್ತೆಂದರೆ, ಓದುತ್ತಾ ಒಂದು ಗಳಿಗೆ ನಾನೂ ಅದನ್ನು ನಂಬಿದೆ. ಅದಕ್ಕಾಗಿ ಅವನನ್ನು ಇನ್ನೂ ಕ್ಷಮಿಸಿಲ್ಲ.